ತವರಿಗೆ ಹೊರಟ ಚೀಲದಲ್ಲಿ ಕಾರ್ಡು ಇದೆಯೇ?



ಹೋದ ವರ್ಷ ನಮ್ಮ ವೈನಿಗೆ ಏಳನೆಯ ತಿಂಗಳಲ್ಲಿ ಕುಬಸ ಮಾಡಿ ಭಾಲ್ಕಿ ಕಡೆಯ ತವರಿಗೆ ಕಳಿಸಿದೆವು. ಸೀರೆ, ಹಸಿರು ಬಳೆ, ಉಂಡಿ ಎಲ್ಲವೂ ಚೀಲ ಸೇರಿದವು. ತಪಾಸಣೆಯ ವೇಳೆ ಕೊಟ್ಟಿದ್ದ ಮಾತಾ-ಬಾಲ ಸಂರಕ್ಷಣ ಕಾರ್ಡು ಮಾತ್ರ ಕಪಾಟಿನಲ್ಲೇ ಉಳಿಯಿತು, ಕಬ್ಬಿಣದ ಗುಳಿಗೆಯೂ ಅದರ ಪಕ್ಕದಲ್ಲೇ. ಅಲ್ಲಿ ಹೆಸರು ಹಚ್ಚಿಲ್ಲವೆಂದು ವೈನಿ ತಪಾಸಣೆಗೆ ಹೋಗಲಿಲ್ಲ. ಇಲ್ಲಿ ನಾವೂ ಆಶಾತಾಯಿಗೆ ಹೇಳಿ ಕಳಿಸಿರಲಿಲ್ಲ. ಏಳು ವಾರ ಹಾಗೇ ಕಳೆದವು. ತಲೆಸುತ್ತು ಬಂದು ದವಾಖಾನೆಗೆ ಹೋದಾಗ ಹಿಮೋಗ್ಲೋಬಿನ್ 8.6. ಹಿಂದೆ ಎಷ್ಟಿತ್ತು, ರಕ್ತದ ಗುಂಪು ಯಾವುದು ಎಂದು ಡಾಕ್ಟರು ಕೇಳಿದರೆ ಅಲ್ಲಿದ್ದ ಯಾರಿಗೂ ಗೊತ್ತಿಲ್ಲ. ಅಣ್ಣ ನನಗೆ ಫೋನ್ ಮಾಡಿದ. ನಾನು ಕಪಾಟು ತೆಗೆದು ಕಾರ್ಡಿನ ಮರಾಠಿ ಓದಿ ಕನ್ನಡದಲ್ಲಿ ಹೇಳಿದೆ. ಮನೆ ಬಿಡುವಾಗ 10.2 ಇತ್ತು. ಸಲಾಯಿನ್ ಹಚ್ಚಿ ಕಬ್ಬಿಣದ ಔಷಧ ಕೊಡಬೇಕಾಯಿತು. ತಾಯಿ-ಮಗು ಈಗ ಕ್ಷೇಮ. ಮರೆತವರು ನಾವೇ, ಬಿಎಸ್ಸಿ ಓದಿದ ನಾನೂ ಆ ದಿನ ಮನೆಯಲ್ಲೇ ಇದ್ದೆ.

ಉಮರ್ಗಾ, ನಿಲಂಗಾ, ಉದಗೀರದ ನಮ್ಮ ಮನೆಗಳಲ್ಲಿ ಇದು ಯಾರಿಗೂ ಆಗಬಹುದು. 1956ರವರೆಗೆ ಉದಗೀರ, ನಿಲಂಗಾ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ಗಡಿ ಬಂತು, ಬೀಗತನ ನಿಲ್ಲಲಿಲ್ಲ. ಸೊಸೆ ಆಳಂದದಿಂದಲೋ ಬಸವಕಲ್ಯಾಣದಿಂದಲೋ ಬರುತ್ತಾಳೆ, ಚೊಚ್ಚಲ ಬಾಣಂತನಕ್ಕೆ ಅಲ್ಲಿಗೇ ಹೋಗುತ್ತಾಳೆ. ತವರಿಗೆ ಹೋಗುವುದು ಒಳ್ಳೆಯದೇ. ಆದರೆ ಆರು ತಿಂಗಳ ಲೆಕ್ಕ ಮಹಾರಾಷ್ಟ್ರದಲ್ಲಿ, ಹೆರಿಗೆ ಕರ್ನಾಟಕದಲ್ಲಿ. ನಡುವೆ ತಪಾಸಣೆ ತಪ್ಪುವುದು ಸರಿಯಾಗಿ ಏಳು-ಎಂಟನೆಯ ತಿಂಗಳಲ್ಲಿ.

ಆ ತಿಂಗಳುಗಳಲ್ಲಿ ಮೈಯೊಳಗೆ ಏನು ನಡೆಯುತ್ತದೆ ನೋಡಿ. ಬಸುರಿಯ ರಕ್ತದ ನೀರಿನ ಅಂಶ ಹೆಚ್ಚುಕಡಿಮೆ ಅರ್ಧದಷ್ಟು ಹೆಚ್ಚುತ್ತದೆ, ಕೆಂಪು ಕಣಗಳು ಅಷ್ಟು ಹೆಚ್ಚುವುದಿಲ್ಲ. ಸಾರಿಗೆ ನೀರು ಬೆರೆಸಿದಂತೆ ರಕ್ತ ತೆಳ್ಳಗಾಗುತ್ತದೆ. ಕೂಸೂ ತನ್ನ ಪಾಲಿನ ಕಬ್ಬಿಣವನ್ನು ಹೆಚ್ಚಾಗಿ ಕೊನೆಯ ಮೂರು ತಿಂಗಳಲ್ಲೇ ಎಳೆದುಕೊಳ್ಳುತ್ತದೆ. ಇಡೀ ಬಸಿರಿಗೆ ಸುಮಾರು 1,000 ಮಿಲಿಗ್ರಾಂ ಕಬ್ಬಿಣ ಬೇಕು. ಜೋಳದ ರೊಟ್ಟಿ, ಪುಂಡಿಪಲ್ಯ, ಮೆಂತ್ಯ, ಬೇಳೆ, ಶೇಂಗಾ, ತತ್ತಿ ಎಲ್ಲ ತಿನ್ನಿ, ಮೇಲೆ ನಿಂಬೆ ಹಿಂಡಿಕೊಳ್ಳಿ. ಆದರೂ ಊಟವೊಂದೇ ಸಾಲದು. ಅದಕ್ಕೇ ಸರಕಾರ ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ಗುಳಿಗೆ ಕೊಡುತ್ತದೆ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ಪ್ರಮಾಣ ಹೆಚ್ಚಿಸುತ್ತಾರೆ. 7ಕ್ಕಿಂತ ಕೆಳಗಿಳಿದರೆ ಅಪಾಯ, ದೊಡ್ಡ ಆಸ್ಪತ್ರೆಗೇ ಹೋಗಬೇಕು.

ಗುಳಿಗೆಯನ್ನು ಚಹಾದ ಜೊತೆ ನುಂಗಬೇಡಿ. ನಮ್ಮ ಭಾಗದಲ್ಲಿ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ! ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಕ್ಯಾಲ್ಸಿಯಂ ಗುಳಿಗೆಯನ್ನೂ ಬೇರೆ ಹೊತ್ತಿಗೆ ತೆಗೆದುಕೊಳ್ಳಿ. ಮಲ ಕಪ್ಪಾಗುವುದು ಸಹಜ. ಗುಳಿಗೆಯಿಂದ ಕೂಸು ಕಪ್ಪಾಗುತ್ತದೆ ಎನ್ನುವುದು ಸುಳ್ಳು. ಕಡಿಮೆ ಉಂಡರೆ ಕೂಸು ಸಣ್ಣದಾಗಿ ಹೆರಿಗೆ ಸಲೀಸು ಎನ್ನುವ ಅಜ್ಜಿಯರ ಮಾತನ್ನು ಈ ಒಂದು ವಿಷಯದಲ್ಲಿ ಕೇಳಬೇಡಿ. ತಪಸ್ಸುಕಾಲದ ಉಪವಾಸದ ಕಟ್ಟಳೆಯೂ ಗರ್ಭಿಣಿಯರಿಗಿಲ್ಲ.

ತಪಾಸಣೆ ಕಡಿಮೆಯೆಂದರೂ ನಾಲ್ಕು ಸಲ ಆಗಬೇಕು. ಮೊದಲನೆಯದು 12 ವಾರದೊಳಗೆ. ಕೊನೆಯ ಎರಡು ಏಳನೆಯ ತಿಂಗಳ ನಂತರ, ಅಂದರೆ ಸಾಮಾನ್ಯವಾಗಿ ತವರಿನಲ್ಲಿ. ಪ್ರತಿ ತಿಂಗಳು 9ನೇ ತಾರೀಖಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಡಾಕ್ಟರೇ ಬಸುರಿಯರನ್ನು ಉಚಿತವಾಗಿ ನೋಡುತ್ತಾರೆ. 2016ರಿಂದ ನಡೆದಿರುವ ಈ ಯೋಜನೆ ಕೇಂದ್ರ ಸರಕಾರದ್ದು, ಆದ್ದರಿಂದ ಗಡಿಯ ಎರಡೂ ಕಡೆ ಉಂಟು. ಸರಕಾರಿ ಆಸ್ಪತ್ರೆಯ ಹೆರಿಗೆ, ಸಿಜೇರಿಯನ್ ಆದರೂ, 2011ರಿಂದ ಉಚಿತ.

ಇನ್ನು ಕಾರ್ಡಿನ ಮಾತು. ಇಲ್ಲಿಯ ಕಾರ್ಡು ಮರಾಠಿಯಲ್ಲಿದೆ, ಹೊಸದಾಗಿ ಬಂದ ಸೊಸೆಯರಿಗೆ ಓದಲು ತೊಡಕು. ಕೆಲವು ಮಾತು ಗೊತ್ತಿದ್ದರೆ ಸಾಕು. ‘ಶೇವಟಚೀ ಮಾಸಿಕ ಪಾಳೀ’ ಎಂದರೆ ಕೊನೆಯ ಮುಟ್ಟಿನ ಮೊದಲ ದಿನ. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ತಾರೀಖು. ‘ರಕ್ತಗಟ’ ರಕ್ತದ ಗುಂಪು. ಅದು ನೆಗೆಟಿವ್ ಇದ್ದರೆ ತವರಿನ ಡಾಕ್ಟರಿಗೆ ಮೊದಲ ದಿನವೇ ಹೇಳಿ, ಬೇರೆ ಇಂಜೆಕ್ಷನ್ ಬೇಕಾಗಬಹುದು. ‘ರಕ್ತದಾಬ’ ಬಿ.ಪಿ.; 140/90 ಮುಟ್ಟಿದರೆ ಎಚ್ಚರ. ‘ವಜನ’ ತೂಕ, ‘ಲಘವೀ’ ಮೂತ್ರ. ‘ಅತಿಜೋಖೀಮ’ ಎಂದು ಬರೆದಿದ್ದರೆ ಹೆಚ್ಚಿನ ಅಪಾಯದ ಬಸಿರು ಎಂದರ್ಥ. ಅಂಥವರು ಎಲ್ಲಿ ಹೆರಬೇಕೆಂದು ಡಾಕ್ಟರನ್ನು ಕೇಳಿಯೇ ನಿರ್ಧರಿಸಬೇಕು.

ಹೊರಡುವ ಮುಂಚೆ ಆಶಾತಾಯಿಗೆ ಯಾವ ಊರಿಗೆ, ಯಾವ ದಿನ ಹೋಗುತ್ತೀರೆಂದು ಹೇಳಿ, ಒಂದು ತಿಂಗಳ ಗುಳಿಗೆ ಕೇಳಿ ಪಡೆಯಿರಿ. ಕಾರ್ಡಿನ ಪುಟಗಳ ಫೋಟೊ ಗಂಡನ ಫೋನಿನಲ್ಲೂ ಇರಲಿ. ತವರು ಮುಟ್ಟಿದ ವಾರದೊಳಗೆ ಅಲ್ಲಿಯ ಆಶಾ ಕಾರ್ಯಕರ್ತೆಗೆ ಕಾರ್ಡು ತೋರಿಸಿ. ಕರ್ನಾಟಕದಲ್ಲಿ ಇದಕ್ಕೆ ತಾಯಿ ಕಾರ್ಡು ಎನ್ನುತ್ತಾರೆ. ಅವರು ಹೊಸದು ಕೊಟ್ಟರೂ ಹಳೆಯದನ್ನು ಬಿಸಾಡಬೇಡಿ. ದೀಪಾವಳಿ ಹೊತ್ತಿಗೆ ಕಬ್ಬು ಕಡಿಯಲು ಹೊರಡುವ ಮನೆಗಳವರಿಗೂ ಇದೇ ಮಾತು. ಅವರ ದಾರಿ ಇನ್ನೂ ದೂರ, ದುಡಿತವೂ ಕಠಿಣ.

ರಕ್ತ ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮುಖ-ಕೈ ಬಾತರೆ, ನೀರು ಒಡೆದರೆ, ಫಿಟ್ಸ್ ಬಂದರೆ, ಕೂಸಿನ ಅಲುಗಾಟ ಕಡಿಮೆಯಾದರೆ ಬೆಳಗಾಗುವವರೆಗೆ ಕಾಯಬೇಡಿ. 108 ಎರಡೂ ರಾಜ್ಯದಲ್ಲಿದೆ. ಗಡಿಯ ಹಳ್ಳಿಯವರು ಫೋನಿನಲ್ಲಿ ಮೊದಲು ರಾಜ್ಯ, ತಾಲೂಕು, ಊರು ಈ ಕ್ರಮದಲ್ಲಿ ಹೇಳಿ.

ಕಾರ್ಡು ಓದಲು ತೊಡಕಿರುವವರು ಭಾನುವಾರ ಕನ್ನಡ ಪೂಜೆಯ ನಂತರ ತನ್ನಿ. ಮರಾಠಿ ಶಾಲೆ ಕಲಿತ ನಮ್ಮ ಯುವತಿಯರು ನನ್ನ ಜೊತೆ ಕೂತಿರುತ್ತಾರೆ, ಒಬ್ಬೊಬ್ಬರಿಗೇ ಓದಿ ಹೇಳುತ್ತೇವೆ. ಅತ್ತೆಯಂದಿರೂ ಜೊತೆಗೆ ಬರಲಿ.