ಸಿಮ್‌ಗೂ ಒಂದು ಬೀಗ ಬೇಕು

2023ರ ನವೆಂಬರ್‌ನ ಒಂದು ಸಂಜೆ, ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತುವ ನೂಕುನುಗ್ಗಲಿನಲ್ಲಿ ಯಾರೋ ನನ್ನ ಬ್ಯಾಗಿನ ಜಿಪ್ ಎಳೆದಿದ್ದರು. ಸೀಟು ಸಿಕ್ಕಿ, ಮನೆಗೆ ಫೋನ್ ಮಾಡೋಣವೆಂದು ಕೈ ಹಾಕಿದರೆ ಫೋನ್ ಇರಲಿಲ್ಲ.

ಹದಿನಾರು ಸಾವಿರದ ಫೋನ್. ಅದು ಹೋಯಿತಲ್ಲ ಎಂಬ ಸಂಕಟದಲ್ಲೇ ಎರಡು ಗಂಟೆ ಕಳೆದೆ. ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದೆ, ಅಂಗಡಿಯವರನ್ನೆಲ್ಲ ಕೇಳಿದೆ. ಮನೆಗೆ ಬಂದು ಯಜಮಾನರ ಫೋನಿನಿಂದ ನನ್ನ ನಂಬರಿಗೆ ಮೇಲಿಂದ ಮೇಲೆ ಕರೆ ಮಾಡಿದೆ. ಮೊದಲು ರಿಂಗ್ ಆಯಿತು, ಆಮೇಲೆ ಸ್ವಿಚ್ಡ್ ಆಫ್. "ಲಾಕ್ ಇದೆಯಲ್ಲ, ನಿನ್ನ ಬೆರಳಿಲ್ಲದೆ ತೆಗೆಯೋಕಾಗಲ್ಲ ಬಿಡು" ಎಂದರು ಅವರು. ನಾನೂ ಹಾಗೇ ನಂಬಿದ್ದೆ.

ಕಳ್ಳನಿಗೆ ನನ್ನ ಫೋನಿನ ಲಾಕ್ ತೆಗೆಯುವ ಅಗತ್ಯವೇ ಇರಲಿಲ್ಲ. ಹಿಂದಿನ ಕವರಿನಲ್ಲಿ ಡೆಬಿಟ್ ಕಾರ್ಡ್ ಸಿಕ್ಕಿಸಿಟ್ಟಿದ್ದೆ. ಪರ್ಸ್ ಒಯ್ಯುವ ರಗಳೆ ಬೇಡವೆಂದು ಎಷ್ಟೋ ಜನ ಇಡುತ್ತಾರೆ. ಕಾರ್ಡಿನ ಮೇಲೆ ನಂಬರು, ಅವಧಿ, ಹಿಂಬದಿಯಲ್ಲಿ ಮೂರಂಕಿಯ ಸಿವಿವಿ ಎಲ್ಲ ಅಚ್ಚಾಗಿರುತ್ತವೆ. ಆನ್‌ಲೈನ್ ಖರೀದಿಗೆ ಇನ್ನು ಬೇಕಾದದ್ದು ಒಟಿಪಿ. ನನ್ನ ಸಿಮ್ ತೆಗೆದು ತನ್ನ ಫೋನಿಗೆ ಹಾಕಿಕೊಂಡರೆ ಅದೂ ಅವನಿಗೇ ಬರುತ್ತದೆ. ಬಂದದ್ದು ಹಾಗೆಯೇ.

ಕವರಿನಲ್ಲಿದ್ದ ಕಾರ್ಡ್ ನೆನಪಾಗಿ ನಾನು ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿದಾಗ ರಾತ್ರಿ 8.50. ಅಷ್ಟರಲ್ಲಿ ಎರಡು ಸಲಕ್ಕೆ 34,300 ರೂಪಾಯಿ ಹೋಗಿತ್ತು. ನಾನು ದೂರು ಹೇಳಿದ ಮೇಲೂ, ಕಾರ್ಡ್ ಬ್ಲಾಕ್ ಆಗುವಷ್ಟರಲ್ಲಿ ಇನ್ನೊಂದು 6,200 ಹೋಯಿತು. ಮರುದಿನ ಶಾಖೆಯಲ್ಲಿ ಕೇಳಿದ ಮಾತು: "ಒಟಿಪಿ ಸರಿಯಾಗಿಯೇ ಬಿದ್ದಿದೆ ಮೇಡಂ, ನೀವೇ ಮಾಡಿದ ಹಾಗೆ ಲೆಕ್ಕ."

ಆ ಲೆಕ್ಕವನ್ನು ಒಪ್ಪದೆ ಆರ್‌ಬಿಐ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯನ್ನು ಹುಡುಕಿ ಓದಿದೆ. ಗ್ರಾಹಕರ ನಿರ್ಲಕ್ಷ್ಯದಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದು. ತಿಳಿಸಿದ ನಂತರ ಆದದ್ದು ಬ್ಯಾಂಕಿನದು. ತಪ್ಪು ಗ್ರಾಹಕರ ಮೇಲಿದೆಯೆಂದು ಸಾಬೀತು ಮಾಡುವ ಹೊಣೆಯೂ ಬ್ಯಾಂಕಿನದೇ. ಇದನ್ನು ಬರೆದು ಅರ್ಜಿ ಕೊಟ್ಟೆ. 6,200 ವಾಪಸ್ ಬಂತು. ಉಳಿದದ್ದಕ್ಕೆ ಕಾರ್ಡನ್ನು ಫೋನಿನ ಜೊತೆ ಇಟ್ಟದ್ದೇ ನಿರ್ಲಕ್ಷ್ಯ ಎಂದರು. ಜೇಬುಗಳ್ಳತನಕ್ಕೆ ಸಿಕ್ಕವರನ್ನು ನಿರ್ಲಕ್ಷ್ಯದವರೆನ್ನುವುದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಆ ದುಡ್ಡು ಬರಲಿಲ್ಲ.

ಇಷ್ಟನ್ನೂ ತಡೆಯಬಹುದಾಗಿದ್ದ ಒಂದು ಸೌಲಭ್ಯ ನನ್ನ ಫೋನಿನಲ್ಲೇ ಇತ್ತು: ಸಿಮ್ ಪಿನ್. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಎಂದು ಹುಡುಕಿದರೆ ಸಿಗುತ್ತದೆ. ಅದನ್ನು ಹಾಕಿದರೆ ಸಿಮ್ಮನ್ನು ಯಾವ ಫೋನಿಗೆ ಸೇರಿಸಿದರೂ ಮೊದಲು ಪಿನ್ ಕೇಳುತ್ತದೆ. ಮೂರು ಸಲ ತಪ್ಪಿದರೆ ಸಿಮ್ ಲಾಕ್ ಆಗಿ, ಪಿಯುಕೆ ಎಂಬ ಇನ್ನೊಂದು ಸಂಖ್ಯೆ ಬೇಕಾಗುತ್ತದೆ. ಇದಕ್ಕೆ ಖರ್ಚಿಲ್ಲ. ಒಂದು ಎಚ್ಚರ: ಮೊದಲ ಸಲ ಹಾಕುವಾಗ ಕಂಪನಿ ಕೊಟ್ಟಿರುವ ಹಳೆಯ ಪಿನ್ ಕೇಳುತ್ತದೆ. ಊಹೆ ಮಾಡಿ ಒತ್ತಬೇಡಿ, ಕಂಪನಿಯವರನ್ನು ಕೇಳಿ ತಿಳಿದುಕೊಂಡೇ ಹಾಕಿ. ಹಾಗೆಯೇ ಲಾಕ್ ಆದ ಪರದೆಯ ಮೇಲೆ ಮೆಸೇಜಿನ ಒಳಗಿನ ಸಾಲು ಕಾಣದಂತೆ ಮಾಡಿ, ಇಲ್ಲದಿದ್ದರೆ ಸಿಮ್ ತೆಗೆಯದೆಯೂ ಒಟಿಪಿ ಓದಬಹುದು.

ನನ್ನದಾದ ಮೇಲೆ ಅಮ್ಮನ ಫೋನ್ ನೋಡಿದೆ. ಲಾಕೇ ಇಲ್ಲ. ಕಾಂಟ್ಯಾಕ್ಟ್ಸ್‌ನಲ್ಲಿ "ಬ್ಯಾಂಕ್" ಎಂಬ ಹೆಸರಿನ ಮುಂದೆ ನಾಲ್ಕೇ ಅಂಕಿ. ಎಟಿಎಂ ಪಿನ್! "ನಂಗೆ ನೆನಪಿರಲ್ಲ ಕಣೇ, ಅದಕ್ಕೆ ಅಲ್ಲಿ ಹಾಕಿಸ್ಕೊಂಡಿದೀನಿ" ಎಂದಳು. ಗ್ಯಾಲರಿಯಲ್ಲಿ ಆಧಾರ್, ಪಾಸ್‌ಬುಕ್ಕಿನ ಮೊದಲ ಪುಟ, ಡೆಬಿಟ್ ಕಾರ್ಡಿನ ಎರಡೂ ಬದಿಯ ಫೋಟೊ. ಅವಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಪ್ರತಿಯೊಂದಕ್ಕೂ ಪಿನ್ ಕೇಳುವ ಈ ಕಾಲದಲ್ಲಿ ಎಪ್ಪತ್ತು ದಾಟಿದವರು ಎಷ್ಟನ್ನು ನೆನಪಿಡಬೇಕು? ಇಬ್ಬರೂ ಕೂತು ಫೋಟೊಗಳನ್ನು ಅಳಿಸಿದೆವು. ಪಿನ್ ಬದಲಾಯಿಸಿ, ಹೊಸದನ್ನು ಒಂದು ಚೀಟಿಯಲ್ಲಿ ಬರೆದು ಬೀರುವಿನಲ್ಲಿ ಇಟ್ಟೆವು. ಕಳ್ಳನ ಕೈಗೆ ಫೋನ್ ಸಿಕ್ಕರೂ ಆ ಚೀಟಿ ಸಿಗುವುದಿಲ್ಲ.

ಫೋನ್ ಹೋದರೆ ಹುಡುಕುತ್ತಾ ನಿಲ್ಲಬೇಡಿ. ಪಕ್ಕದವರ ಫೋನ್ ಕೇಳಿ ಪಡೆದು ಮೊದಲು ಸಿಮ್ ಬ್ಲಾಕ್ ಮಾಡಿಸಿ, ಕೂಡಲೇ ಬ್ಯಾಂಕಿಗೆ ತಿಳಿಸಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪೊಲೀಸ್ ದೂರು, ಆಮೇಲೆ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಫೋನನ್ನೇ ಬ್ಲಾಕ್ ಮಾಡಿಸುವುದು, ಇವು ನಂತರದವು. ಅದಕ್ಕೆ ಬೇಕಾದ ಹದಿನೈದು ಅಂಕಿಯ ಐಎಂಇಐ ಸಂಖ್ಯೆ *#06# ಒತ್ತಿದರೆ ಕಾಣುತ್ತದೆ. ಅದನ್ನೂ ಬ್ಯಾಂಕಿನ ಸಹಾಯವಾಣಿಯ ನಂಬರನ್ನೂ ಇವತ್ತೇ ಒಂದು ಕಾಗದದಲ್ಲಿ ಬರೆದು ಮನೆಯಲ್ಲಿಡಿ. ಮತ್ತು ದಯವಿಟ್ಟು, ಕವರಿನಲ್ಲಿ ಸಿಕ್ಕಿಸಿರುವ ಕಾರ್ಡನ್ನು ಈಗಲೇ ತೆಗೆಯಿರಿ.