ಐದು ತಿಂಗಳು ಕಾದ ಕಾರು, ಕೊನೆ ಗಳಿಗೆಯ ಬಿಲ್ಲು

ಪ್ರಶ್ನೆ: ಆಯುಧ ಪೂಜೆಗೆ ಮನೆಗೆ ಬರಲೆಂದು ಐದು ತಿಂಗಳ ಹಿಂದೆಯೇ ಕಾರು ಬುಕ್ ಮಾಡಿದೆವು. ಕಡುನೀಲಿ ಬಣ್ಣ, ಸನ್‌ರೂಫ್ ಇರುವ ಮಾದರಿಯೇ ಬೇಕೆಂದು ಕಾದೆವು. ಈಗ ಗಾಡಿ ಬಂದಿದೆ. ಆದರೆ ಶೋರೂಮಿನವರು 38,000 ರೂಪಾಯಿಯ ಆಕ್ಸೆಸರಿ, 12,000 ಹ್ಯಾಂಡ್ಲಿಂಗ್ ಚಾರ್ಜ್, ಜೊತೆಗೆ ತಮ್ಮದೇ ವಿಮೆ ಸೇರಿಸಿದ್ದಾರೆ. ಬೇಡವೆಂದರೆ ‘ನಿಮ್ಮ ಹಿಂದೆ ಇನ್ನೂ ಜನ ಕಾಯ್ತಿದ್ದಾರೆ ಮೇಡಂ’ ಅಂತಾರೆ. ಯಜಮಾನರು ‘ಕೊಟ್ಟುಬಿಡೋಣ’ ಅಂತಾರೆ. ನನಗೆ ನಿದ್ದೆಯೇ ಇಲ್ಲ. ನಾನೇ ಜಿಪುಣಿಯಾ?
– ಹೆಸರು ಬೇಡ, ಹಾಸನ

ಉತ್ತರ: ಖಂಡಿತ ಅಲ್ಲ. ದುಡ್ಡು ಹೋಗುವುದಕ್ಕಿಂತ, ನಾವು ಆಸೆಪಟ್ಟಿದ್ದನ್ನೇ ಹಿಡಿದು ನಮ್ಮನ್ನು ಬಗ್ಗಿಸುತ್ತಿದ್ದಾರೆ ಅನ್ನಿಸುವುದು ಹೆಚ್ಚು ಚುಚ್ಚುತ್ತದೆ. ನೆಂಟರಿಗೆಲ್ಲ ಹೇಳಿಯಾಗಿದೆ, ದಿನವೂ ಗೊತ್ತಾಗಿದೆ. ಹಬ್ಬದ ಹೊತ್ತಿನಲ್ಲಿ ಜಗಳ ಯಾಕೆ ಎಂಬ ಅಳುಕು ಬೇರೆ. ಯಜಮಾನರ ‘ಕೊಟ್ಟುಬಿಡೋಣ’ ಕೂಡ ಅದೇ ಅಳುಕಿನಿಂದ ಬಂದಿರಬಹುದು, ಅವರ ಮೇಲೆ ಮುನಿಯಬೇಡಿ. ಶೋರೂಮಿನ ಹುಡುಗನಿಗೂ ಇಷ್ಟು ಆಕ್ಸೆಸರಿ, ಇಷ್ಟು ವಿಮೆ ಮಾರಬೇಕೆಂಬ ಟಾರ್ಗೆಟ್ ಇದ್ದೀತು. ಪಾಪ, ಸರಿ. ಅದನ್ನು ತುಂಬಿಸುವ ಹೊಣೆ ಮಾತ್ರ ನಿಮ್ಮದಲ್ಲ.

ಒಂದನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂಬ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ಹೇಳಿದ ಅವಧಿ ಮೀರಿ ತಡಮಾಡಿ, ಅದರಿಂದ ಬೆಲೆ ಏರಿದರೆ ಅದಕ್ಕೂ ಆಕ್ಷೇಪ ಎತ್ತಬಹುದು. ವಿಮೆ ಕಡ್ಡಾಯ ನಿಜ, ಶೋರೂಮಿನಲ್ಲೇ ಮಾಡಿಸುವುದು ಕಡ್ಡಾಯವಲ್ಲ. ಹಾಗೆಂದು ಹೆಚ್ಚಾದದ್ದೆಲ್ಲ ಮೋಸವೂ ಅಲ್ಲ. ‘ಡೆಲಿವರಿ ದಿನದ ಬೆಲೆ ಅನ್ವಯ’ ಎಂಬ ಸಾಲು ಬುಕಿಂಗ್ ಫಾರ್ಮಿನಲ್ಲಿ ಸಾಮಾನ್ಯವಾಗಿ ಇರುತ್ತದೆ; ತಯಾರಿಕಾ ಕಂಪನಿಯೇ ದರ ಏರಿಸಿದ್ದರೆ ಅಷ್ಟನ್ನು ಕೊಡಬೇಕಾದೀತು. ಹತ್ತು ಲಕ್ಷ ಮೀರಿದ ಕಾರಿಗೆ ಮಾರುವವರೇ ಹಿಡಿಯುವ ಶೇ 1ರ ತೆರಿಗೆ (ಟಿಸಿಎಸ್) ನಿಮ್ಮ ಆದಾಯ ತೆರಿಗೆಯ ಲೆಕ್ಕಕ್ಕೆ ಜಮೆಯಾಗುತ್ತದೆ, ಅದಕ್ಕೆ ಗಾಬರಿ ಬೇಡ.

ಮೊದಲು ಮನೆಯಲ್ಲಿ ಇಬ್ಬರೂ ಕೂತು ಮಾತಾಡಿ. ಕಾರು ಹಬ್ಬ ಕಳೆದು ಒಂದು ವಾರಕ್ಕೆ ಬಂದರೂ ಆದೀತು ಎಂದು ಒಪ್ಪಿಕೊಳ್ಳಲು ಸಾಧ್ಯವೇ? ನನ್ನ ಪ್ರಕಾರ ಇಡೀ ಗಂಟು ಇರುವುದು ಇಲ್ಲಿ. ಆ ದಿನವೇ ಬೇಕೆಂಬ ಹಟ ಸಡಿಲವಾದರೆ ಶೋರೂಮಿನಲ್ಲಿ ನಿಮ್ಮ ದನಿಯೇ ಬೇರೆಯಾಗುತ್ತದೆ.

ಆಮೇಲೆ ಜೊತೆಯಾಗಿ ಹೋಗಿ. ಎಕ್ಸ್ ಶೋರೂಮ್ ಬೆಲೆ, ರಸ್ತೆ ತೆರಿಗೆ, ನೋಂದಣಿ, ವಿಮೆ, ಉಳಿದದ್ದು – ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದ ಕೊಟೇಶನ್ ಕೇಳಿ. ಮ್ಯಾಟು, ಮಡ್‌ಫ್ಲಾಪ್ ಬೇಕಿದ್ದರೆ ಕೊಳ್ಳಿ, ಬೇಡದ್ದಕ್ಕೆ ಗೆರೆ ಎಳೆಯಿರಿ. ಹ್ಯಾಂಡ್ಲಿಂಗ್ ಚಾರ್ಜ್ ಯಾವ ಕೆಲಸಕ್ಕೆಂದು ಬರೆದುಕೊಡಲು ಹೇಳಿ. ಬಾಯಲ್ಲಿ ಹೇಳಿದಷ್ಟು ಸಲೀಸಾಗಿ ಅದನ್ನು ಕಾಗದದ ಮೇಲೆ ಬರೆಯಲಾಗದು. ದನಿ ಏರಿಸಬೇಡಿ.

ಆಗಲೂ ಒಪ್ಪದಿದ್ದರೆ ತಯಾರಿಕಾ ಕಂಪನಿಗೆ ಇಮೇಲ್ ಹಾಕಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗವಿದೆ, ಅಲ್ಲಿ ವಕೀಲರಿಲ್ಲದೆಯೂ ದೂರು ಕೊಡಬಹುದು. ಕಾರಿನ ತಕರಾರು ಮುಗಿದ ಮೇಲೂ ನಿದ್ದೆ ಹತ್ತದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಮಾತಾಡಿ.

ಚಕ್ರದಡಿ ನಿಂಬೆಹಣ್ಣು ಇಡಲು ವಿಜಯದಶಮಿ ಕಳೆದ ಮೇಲೂ ಒಳ್ಳೆಯ ದಿನಗಳಿವೆ. ಏನಾಯಿತೆಂದು ಬರೆಯಿರಿ.