ಸ್ಕೌಟ್ಸ್ ಅಂದ್ರೆ ಬರೀ ಸ್ಕಾರ್ಫ್ ಅಲ್ಲ

ಸ್ಕೌಟ್ಸ್ ಅಂದ ತಕ್ಷಣ ನಮಗೆ ನೆನಪಾಗೋದು ಕೊರಳಿನ ಸ್ಕಾರ್ಫು, ಮೂರು ಬೆರಳಿನ ಸೆಲ್ಯೂಟು, ಆಗಸ್ಟ್ 15ರ ಪರೇಡು. ಹೈಸ್ಕೂಲ್ ಮುಗಿದರೆ ಅದೂ ಮುಗೀತು ಅಂದ್ಕೊಳ್ತೀವಿ. ಆದರೆ ನಮ್ಮ ವಯಸ್ಸಿನವರಿಗೂ ಅದರಲ್ಲಿ ಜಾಗ ಇದೆ. ಆ ಜಾಗ ಸುಲಭವಾಗಿ ಸಿಕ್ಕಿದ್ದಲ್ಲ.

ಶುರುವಾದದ್ದು ಹೇಗೆ?

1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರಿಗೆ ಒಂದು ಶಿಬಿರ ಮಾಡಿದರು. ಶ್ರೀಮಂತರ ಮಕ್ಕಳು, ಬಡವರ ಮಕ್ಕಳು ಒಟ್ಟಿಗೇ ಇದ್ದರು. ಎರಡೇ ವರ್ಷದಲ್ಲಿ, 1909ರಲ್ಲಿ, ಚಳವಳಿ ಭಾರತಕ್ಕೆ ಬಂತು. ಮೊದಲ ತಂಡ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, ಕ್ಯಾಪ್ಟನ್ ಬೇಕರ್ ಅವರಿಂದ. ಆದರೆ ಸೇರಿಸಿಕೊಳ್ಳುತ್ತಿದ್ದದ್ದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರನ್ನು ಮಾತ್ರ. ಭಾರತೀಯ ಹುಡುಗರಿಗೆ ಇಂಥ ತರಬೇತಿ ಕೊಟ್ಟರೆ ನಾಳೆ ನಮ್ಮ ಮೇಲೇ ತಿರುಗಿಬೀಳ್ತಾರೆ ಅನ್ನೋ ಭಯ ಬ್ರಿಟಿಷ್ ಸರ್ಕಾರಕ್ಕಿತ್ತು.

ಬಾಗಿಲು ತೆಗೆಯದಿದ್ದಾಗ ನಮ್ಮವರು ಬೇರೆ ಮನೆಯನ್ನೇ ಕಟ್ಟಿದರು. 1916ರಲ್ಲಿ ಆನಿ ಬೆಸೆಂಟ್ ಮದ್ರಾಸಿನಲ್ಲಿ ಭಾರತೀಯ ಹುಡುಗರಿಗಾಗಿ ಸಂಸ್ಥೆ ಶುರು ಮಾಡಿದರು. ಹ್ಯಾಟಿನ ಬದಲು ಪೇಟ, ಇಂಗ್ಲಿಷ್ ಹಾಡಿನ ಬದಲು ನಮ್ಮ ಹಾಡು. 1917ರಲ್ಲಿ ಮೈಸೂರು ಸಂಸ್ಥಾನದಲ್ಲೂ ಸ್ಕೌಟ್ಸ್ ಆರಂಭವಾಯಿತು. ಉತ್ತರದಲ್ಲಿ ಮದನ ಮೋಹನ ಮಾಲವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿ ಸ್ಕೌಟ್ ಸಂಸ್ಥೆ ಕಟ್ಟಿದರು. ಹೀಗೆ ಒಂದೇ ದೇಶದಲ್ಲಿ ಹಲವು ಸಂಸ್ಥೆಗಳಾದವು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಇವೆಲ್ಲ ಸೇರಿ 'ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್' ಆಯಿತು. ಹುಡುಗಿಯರ ಗೈಡ್ಸ್ ಸಂಸ್ಥೆ 1951ರಲ್ಲಿ ಬಂದು ಸೇರಿತು.

ಕೆಲಸ ಮಾಡೋದು ಹೇಗೆ?

ರಾಷ್ಟ್ರ, ರಾಜ್ಯ, ಜಿಲ್ಲೆ, ಸ್ಥಳೀಯ ಸಂಸ್ಥೆ, ಶಾಲೆಯ ಗುಂಪು: ಇದು ಮೇಲಿಂದ ಕೆಳಗಿನ ಸಾಲು. ರೈಲ್ವೆ ವಲಯಗಳಿಗೂ ರಾಜ್ಯದಷ್ಟೇ ಸ್ಥಾನ ಇದೆ. ವಯಸ್ಸಿನ ಪ್ರಕಾರ ಮೂರು ಮುಖ್ಯ ಹಂತಗಳು:

1. ಪ್ರೈಮರಿ ಮಕ್ಕಳು: ಕಬ್ ಮತ್ತು ಬುಲ್‌ಬುಲ್.
2. ಸುಮಾರು 10 ವರ್ಷದಿಂದ ಹೈಸ್ಕೂಲ್, ಪಿಯುಸಿವರೆಗೆ: ಸ್ಕೌಟ್ ಮತ್ತು ಗೈಡ್.
3. ಆಮೇಲೆ 25ರವರೆಗೆ: ರೋವರ್ ಮತ್ತು ರೇಂಜರ್. ಅಂದ್ರೆ ನಾವು!

ಇಡೀ ವ್ಯವಸ್ಥೆಯ ಜೀವ ಇರೋದು ಪೆಟ್ರೋಲ್‌ನಲ್ಲಿ. ಗಾಡಿಗೆ ಹಾಕೋದಲ್ಲ, 6ರಿಂದ 8 ಜನರ ಪುಟ್ಟ ತಂಡ. ಅದರ ನಾಯಕ ಮೇಷ್ಟ್ರಲ್ಲ, ಆ ಮಕ್ಕಳಲ್ಲೇ ಒಬ್ಬ. ಅಡುಗೆ, ನೀರು, ಟೆಂಟು, ಪ್ರಥಮ ಚಿಕಿತ್ಸೆ ಅಂತ ಒಬ್ಬೊಬ್ಬರಿಗೂ ಒಂದೊಂದು ಜವಾಬ್ದಾರಿ. 32 ಜನರ ಟ್ರೂಪನ್ನು ಒಬ್ಬರೇ ಗದರಿಸಿ ನಡೆಸೋದಕ್ಕಿಂತ, ನಾಲ್ಕು ಪೆಟ್ರೋಲ್ ತಾವೇ ನಡೆಯೋದು ಸುಲಭ. ನಮ್ಮ ಪ್ರಾಜೆಕ್ಟ್ ಟೀಮುಗಳಲ್ಲಿ ಇಬ್ಬರು ದುಡಿದು ಇಬ್ಬರು ಹೆಸರು ಹಾಕಿಸಿಕೊಳ್ಳೋದು ಎಲ್ಲರಿಗೂ ಗೊತ್ತಿರೋ ವಿಷಯ. ಪೆಟ್ರೋಲ್‌ನಲ್ಲಿ ಅದು ಕಷ್ಟ. ನೀರಿನವನು ಕೈಕೊಟ್ಟರೆ ಆವತ್ತು ಅಡುಗೆಯೇ ಇಲ್ಲ.

ನಮ್ಮ ಕಡೆಗೆ ಇದರಿಂದ ಏನು?

ರೋವರ್‌ಗಳ ಧ್ಯೇಯ ಒಂದೇ ಪದ: ಸೇವೆ. ಜಾತ್ರೆ, ಮೇಳಗಳಲ್ಲಿ ಜನರನ್ನು ಸಂಭಾಳಿಸೋದು ಈ ಚಳವಳಿಯ ಹಳೇ ಕೆಲಸ. ಚಳ್ಳಕೆರೆ ತಾಲೂಕಿನ ಗೌರಸಮುದ್ರದ ಮಾರಮ್ಮನ ಜಾತ್ರೆಯನ್ನೇ ತಗೊಳ್ಳಿ. ಮಳೆ ಕಮ್ಮಿ ಇರೋ ಸೀಮೆ. ಕರ್ನಾಟಕ, ಆಂಧ್ರ ಎರಡೂ ಕಡೆಯಿಂದ ಜನ ಬರ್ತಾರೆ. ಅಂಥ ಬಯಲಿನಲ್ಲಿ ಎಂಟು ಜನರ ನಾಲ್ಕು ತಂಡ ಇದ್ದರೆ ಒಂದು ಕುಡಿಯೋ ನೀರಿಗೆ, ಒಂದು ತಪ್ಪಿಸಿಕೊಂಡ ಮಕ್ಕಳಿಗೆ, ಒಂದು ಪ್ರಥಮ ಚಿಕಿತ್ಸೆಗೆ, ಒಂದು ಆಂಬುಲೆನ್ಸ್ ದಾರಿ ಬಿಡಿಸೋಕೆ. ಕನ್ನಡ, ತೆಲುಗು ಎರಡೂ ಬರೋ ನಮ್ಮ ಕಡೆಯ ಹುಡುಗ ಹುಡುಗಿಯರಿಗಿಂತ ಈ ಕೆಲಸಕ್ಕೆ ಬೇರೆ ಯಾರು ಬೇಕು?

ಕಲಿಯೋಕೆ ದೂರ ಹೋಗಬೇಕಿಲ್ಲ. ಹರಿಹರ ತಾಲೂಕು 1997ರವರೆಗೆ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಅಲ್ಲಿನ ಕೊಂಡಜ್ಜಿಯಲ್ಲಿ ಕೆರೆ ಪಕ್ಕ ಸ್ಕೌಟ್ಸ್ ಶಿಬಿರದ ಜಾಗ ಇದೆ. ಆ ಊರಿನ ಕೊಂಡಜ್ಜಿ ಬಸಪ್ಪನವರು ರಾಜ್ಯದ ಸ್ಕೌಟ್ಸ್ ಮುಖ್ಯ ಆಯುಕ್ತರಾಗಿದ್ದವರು.

ಒಂದು ಕಾಲದಲ್ಲಿ ಬೆಂಗಳೂರಿನಲ್ಲೇ ನಮ್ಮ ಮಕ್ಕಳಿಗೆ ಪ್ರವೇಶ ಇರಲಿಲ್ಲ. ಈಗ ಬಾಗಿಲು ತೆರೆದಿದೆ, ಒಳಗೆ ಹೋಗೋರು ಕಮ್ಮಿ. ಕಾಲೇಜಿನಲ್ಲಿ ರೋವರ್, ರೇಂಜರ್ ತಂಡ ಇದ್ದರೆ ಸೇರಿಕೊಳ್ಳೋಣ. ಇಲ್ಲದಿದ್ದರೆ ಜಿಲ್ಲಾ ಸಂಸ್ಥೆಯನ್ನು ಕೇಳಿ ಶುರು ಮಾಡೋಣ. ಮೊದಲಿಗೆ ಒಂದು ಪೆಟ್ರೋಲಿಗಾಗುವಷ್ಟು ಜನ ಸಿಕ್ಕಿದರೆ ಸಾಕು.